ಅಮೆರಿಕಾ ಮ್ಯಾಪಲ್ಲಿ ರಾಜ್ಯಗಳೆಲ್ಲ 30-40 ಸೈಟ್ ಥರ ಯಾಕಿವೆ?

ಅಕ್ಕನ ಮಗನಿಗೆ ಅವನ ಚಿಕ್ಕಪ್ಪ ಅಮೆರಿಕಾದಿಂದ ಬರೋವಾಗ ಒಂದು ಮರದ ಪಜಲ್ ತಂದ್ಕೊಟ್ಟಿದಾರೆ. ಅಮೆರಿಕಾ ಮ್ಯಾಪು, ಒಂದೊಂದು ರಾಜ್ಯ ಒಂದೊಂದು ತುಂಡು. ಹುಡುಗ ಬಲಗಡೆಯಿಂದ ಶುರು ಮಾಡ್ದ, ಆ ಕಡೆ ತುಂಡುಗಳೆಲ್ಲ ಶುಂಠಿ ಗೆಡ್ಡೆ ಥರ ಸೊಟ್ಟಸೊಟ್ಟಗಿರೋದ್ರಿಂದ ಯಾವ್ದು ಎಲ್ಲಿಗೆ ಅಂತ ಬೇಗ ಗೊತ್ತಾಯ್ತು. ಎಡಗಡೆಗೆ ಬರ್ತಾ ಬರ್ತಾ ತುಂಡುಗಳು ಬಿಸ್ಕೆಟ್ ಆಕಾರಕ್ಕೆ ತಿರುಗಿದ್ವು. ಕೊನೆಗೆ ಕೈಯಲ್ಲಿ ಉಳಿದಿದ್ದು ಎರಡು, ಕೊಲರಾಡೋ ಮತ್ತೆ ವಯೋಮಿಂಗ್, ಎರಡೂ ಆಯತ, ಹೆಸರಿನ ಸ್ಟಿಕ್ಕರ್ ಎರಡೇ ದಿನಕ್ಕೆ ಕಿತ್ತು ಹೋಗಿತ್ತು. ಒಂದನ್ನ ಕೆಳಗಿನ ಜಾಗಕ್ಕೆ ಹಾಕ್ದ, ಕೂತ್ಕೊಂತು ಆದ್ರೆ ಸ್ವಲ್ಪ ಲೂಸು. ಇನ್ನೊಂದನ್ನ ಮೇಲಿನ ಜಾಗಕ್ಕೆ ಒತ್ತಿದ್ರೆ ಜಪ್ಪಯ್ಯ ಅಂದ್ರೂ ಕೂರ್ಲಿಲ್ಲ. "ಮಾಮ, ಪೀಸ್ ಡಿಫೆಕ್ಟು" ಅಂತ ತಂದು ನನ್ನ ಕೈಗಿಟ್ಟ, ಆಮೇಲೆ ಮ್ಯಾಪ್ ನೋಡ್ತಾ "ಇವ್ರೇನು ಸ್ಕೇಲ್ ಇಟ್ಟು ಗೆರೆ ಹೊಡ್ದು ರಾಜ್ಯ ಮಾಡಿದಾರಾ?" ಅಂದ.

ಹೂಂ, ಹೆಚ್ಚುಕಮ್ಮಿ ಹಾಗೇ ಮಾಡಿದಾರೆ. 2026ರ ಜುಲೈ 4ಕ್ಕೆ ಅಮೆರಿಕಾ ಸ್ವಾತಂತ್ರ್ಯ ಘೋಷಿಸಿ 250 ವರ್ಷ, ಆಮೇಲೆ ನಾಲ್ಕು ವರ್ಷಕ್ಕೊಂದ್ಸಲ ಎಲೆಕ್ಷನ್ ಟೈಮಲ್ಲಿ ಟೀವಿಯಲ್ಲಿ ಆ ಕೆಂಪು ನೀಲಿ ಮ್ಯಾಪ್ ಹೇಗೂ ಬಂದೇ ಬರುತ್ತೆ, ನಮ್ಮಲ್ಲಿ ಮನೆಗೊಬ್ಬರು ಅಲ್ಲಿ ಇದ್ದಾರೆ ಅನ್ನೋದು ಬೇರೆ. ಹಾಗಾಗಿ ಈ ಗೆರೆಗಳ ಕತೆ ಒಂದ್ಸಲ ತಿಳ್ಕೊಂಡಿಟ್ರೆ ನಷ್ಟ ಏನಿಲ್ಲ.

ಚಕ್ಕುಬಂದಿ ಮತ್ತು ಲೇಔಟ್

ಇಡೀ ವಿಷಯ ಅರ್ಥ ಆಗೋಕೆ ನಮ್ಮೂರಿನ ಎರಡು ಪದ ಸಾಕು.

ಹಳ್ಳಿಯಲ್ಲಿ ಹೊಲದ ಕ್ರಯಪತ್ರ ತೆಗೆದು ನೋಡಿ, ಚಕ್ಕುಬಂದಿ ಅಂತ ಬರೆದಿರ್ತಾರೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ಗೋಮಾಳ. ಅಂದ್ರೆ ಮೊದ್ಲಿಂದ ಅಲ್ಲಿ ಏನಿತ್ತೋ ಅದನ್ನ ನೋಡ್ಕೊಂಡು ಗಡಿ ಹೇಳೋದು. ಹೊಲ ಸೊಟ್ಟ ಇದ್ರೆ ಗಡಿನೂ ಸೊಟ್ಟ.

ಬೆಂಗಳೂರು ಹೊರಗಡೆ ಹೊಸ ಲೇಔಟ್ ಆಗೋದು ಬೇರೆ ಥರ. ಮೊದ್ಲು ಪೇಪರ್ ಮೇಲೆ ಗೆರೆ, 30-40, 40-60 ಸೈಟು, ನಂಬರ್ ಕಲ್ಲು, ಆಮೇಲೆ ಮಾರಾಟ, ಜನ ಬರೋದು ಕೊನೆಗೆ. ಅಲ್ಲಿ ಮೊದ್ಲು ಕೆರೆ ಇತ್ತೋ ಯಾರದ್ದೋ ರಾಗಿ ಹೊಲ ಇತ್ತೋ ಲೇಔಟ್ ಪ್ಲಾನ್ ನೋಡಿದ್ರೆ ಗೊತ್ತಾಗಲ್ಲ.

ಅಮೆರಿಕಾದ ಪೂರ್ವ ಭಾಗ ಚಕ್ಕುಬಂದಿ, ಪಶ್ಚಿಮ ಭಾಗ ಲೇಔಟ್. ಮ್ಯಾಪಲ್ಲಿ ಬಲದಿಂದ ಎಡಕ್ಕೆ ಕಣ್ಣು ಹಾಯಿಸಿದ್ರೆ ಒಂದು ಪದ್ಧತಿ ನಿಧಾನಕ್ಕೆ ಇನ್ನೊಂದಾಗೋದು ಕಾಣುತ್ತೆ.

ಇನ್ನೊಂದು ಚಿಕ್ಕ ವಿಷ್ಯ, ಅಕ್ಷಾಂಶ ರೇಖಾಂಶ. ಸ್ಕೂಲಲ್ಲಿ ಓದಿರ್ತೀವಿ, ಮರೆತಿರ್ತೀವಿ. ಅಕ್ಷಾಂಶ ಅಡ್ಡ ಗೆರೆ, ಕೈಗೆ ಹಾಕಿದ ಬಳೆಗಳ ಥರ, ಒಂದಕ್ಕೊಂದು ಯಾವತ್ತೂ ತಾಗಲ್ಲ, ಒಂದೊಂದು ಡಿಗ್ರಿಗೆ ಸುಮಾರು 69 ಮೈಲಿ, ಅಂದ್ರೆ 111 ಕಿಲೋಮೀಟರ್ ದೂರ. ರೇಖಾಂಶ ಉದ್ದ ಗೆರೆ, ಕಿತ್ಲೆ ಹಣ್ಣಿನ ತೊಳೆಗಳ ಮಧ್ಯದ ಗೆರೆ ಥರ, ಹೊಟ್ಟೆ ಹತ್ರ ದೂರ ಇರ್ತಾವೆ, ಮೇಲೆ ತೊಟ್ಟಿನ ಹತ್ರ ಹೋದಂಗೆ ಕೂಡ್ಕೊಳ್ತಾವೆ. ಈ ಕಿತ್ಲೆ ಹಣ್ಣನ್ನ ನೆನಪಿಟ್ಕೊಳಿ, ಪಜಲ್ ತುಂಡು ಯಾಕೆ ಕೂರ್ಲಿಲ್ಲ ಅನ್ನೋದು ಅಲ್ಲೇ ಇರೋದು.

ಪೂರ್ವದ ಸೊಟ್ಟ ಗಡಿಗಳು

ಶುರುವಿನಲ್ಲಿ ಇದ್ದಿದ್ದು ಅಟ್ಲಾಂಟಿಕ್ ಸಮುದ್ರದ ಪಕ್ಕದ 13 ಬ್ರಿಟಿಷ್ ವಸಾಹತುಗಳು. ಇವುಗಳಲ್ಲಿ ಹೆಚ್ಚಿನವನ್ನ ಲಂಡನ್ನಲ್ಲಿ ಕೂತಿದ್ದ ರಾಜರು ಒಂದೊಂದು ಸನದು ಕೊಟ್ಟು ಮಾಡಿದ್ದು, ಇಂಥ ನದಿಯಿಂದ ಇಂಥ ನದಿವರೆಗೆ ನಿಂದು ಅಂತ. ಪೊಟೊಮ್ಯಾಕ್, ಡೆಲವೇರ್, ಸವಾನಾ, ಈ ನದಿಗಳೆಲ್ಲ ಇವತ್ತಿಗೂ ಗಡಿಗಳೇ. ಆ ಕಾಲದಲ್ಲಿ ರೋಡಿಲ್ಲ, ನದಿನೇ ಹೈವೇ, ಹಾಗಾಗಿ ನದಿ ಯಾರ ಕೈಯಲ್ಲಿದೆ ಅನ್ನೋದೇ ಮುಖ್ಯ.

ಆದ್ರೆ ರಾಜರಿಗೆ ಆ ಕಡೆ ಮ್ಯಾಪ್ ಸರಿಯಾಗಿ ಗೊತ್ತಿರ್ಲಿಲ್ಲ, ಒಂದೇ ಜಾಗವನ್ನ ಇಬ್ಬರಿಗೆ ಬರ್ಕೊಟ್ರು. ಮೇರಿಲ್ಯಾಂಡ್ 1632ರಲ್ಲಿ ಕ್ಯಾಲ್ವರ್ಟ್ ಕುಟುಂಬಕ್ಕೆ, 40ನೇ ಅಕ್ಷಾಂಶದವರೆಗೆ. ಪೆನ್ಸಿಲ್ವೇನಿಯಾ 1681ರಲ್ಲಿ ವಿಲಿಯಂ ಪೆನ್‌ಗೆ, ಅವರಪ್ಪನಿಗೆ ರಾಜ ಕೊಡ್ಬೇಕಿದ್ದ ಸಾಲದ ಬದ್ಲು. ಪೆನ್ ಬಂದು ಫಿಲಡೆಲ್ಫಿಯಾ ಊರು ಕಟ್ಟಿದ, ಆಮೇಲೆ ಅಳತೆ ಮಾಡಿದ್ರೆ ಊರಿನ ಮುಖ್ಯ ಭಾಗ 40ನೇ ಅಕ್ಷಾಂಶಕ್ಕಿಂತ ಕೆಳಗಿದೆ, ಅಂದ್ರೆ ಕಾಗದದ ಪ್ರಕಾರ ಮೇರಿಲ್ಯಾಂಡಿಗೆ ಸೇರ್ಬೇಕು. ಬೇರೆಯವ್ರ ಸೈಟಲ್ಲಿ ಮನೆ ಕಟ್ಟಿ ಗೃಹಪ್ರವೇಶನೂ ಮುಗಿಸಿದಂಗೆ ಆಯ್ತು. ಎರಡೂ ಕುಟುಂಬದವ್ರು ತಲೆಮಾರುಗಟ್ಟಲೆ ಕಿತ್ತಾಡಿ ಕೊನೆಗೆ ಇಂಗ್ಲೆಂಡಿನಿಂದ ಚಾರ್ಲ್ಸ್ ಮೇಸನ್, ಜೆರೆಮಯಾ ಡಿಕ್ಸನ್ ಅನ್ನೋ ಇಬ್ಬರು ಸರ್ವೆಯವರನ್ನ ಕರೆಸಿದ್ರು.

1763ರಿಂದ 1767ರವರೆಗೆ ಇವರಿಬ್ಬರು ಕಾಡು ಕಡ್ಕೊಂಡು, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕ್ಕೊಂಡು, ಸುಮಾರು 233 ಮೈಲಿ ನೇರ ಗೆರೆ ಹಾಕಿದ್ರು. ಪ್ರತಿ ಮೈಲಿಗೆ ಒಂದು ಗಡಿಕಲ್ಲು, ಪ್ರತಿ ಐದು ಮೈಲಿಗೆ ಎರಡೂ ಕುಟುಂಬದ ಲಾಂಛನ ಕೆತ್ತಿದ ದೊಡ್ಡ ಕಲ್ಲು, ಆ ಕಲ್ಲೂ ಹಡಗಲ್ಲಿ ಇಂಗ್ಲೆಂಡಿನಿಂದ ಬಂದಿದ್ದು. ಒಂದು ಜಾಗಕ್ಕೆ ಬಂದಾಗ ಜೊತೆಗಿದ್ದ ಇರೋಕ್ವೋಯಿ ಬುಡಕಟ್ಟಿನ ದಾರಿ ತೋರಿಸೋರು ಇಲ್ಲಿಂದ ಮುಂದೆ ಬರಲ್ಲ ಅಂದ್ರು, ಸರ್ವೆ ಅಲ್ಲಿಗೆ ನಿಂತೋಯ್ತು. ಮೇಸನ್-ಡಿಕ್ಸನ್ ಲೈನ್ ಅಂತ ಕೇಳಿರ್ತೀರಲ್ಲ, ಮುಂದೆ ಗುಲಾಮಗಿರಿ ಇರೋ ದಕ್ಷಿಣ, ಇಲ್ಲದಿರೋ ಉತ್ತರ ಅನ್ನೋಕೆ ಗುರುತಾಗಿದ್ದು ಇದೇ ಗೆರೆ. ಹುಟ್ಟಿದ್ದು ಮಾತ್ರ ಎರಡು ಶ್ರೀಮಂತ ಮನೆಗಳ ಸೈಟ್ ಜಗಳಕ್ಕೆ.

ಸಾಲ ತೀರ್ಸೋಕೆ ಹುಟ್ಟಿದ ಚೌಕ

1783ರಲ್ಲಿ ಬ್ರಿಟನ್ ಜೊತೆ ಒಪ್ಪಂದ ಆಗಿ ಮಿಸ್ಸಿಸ್ಸಿಪ್ಪಿ ನದಿವರೆಗಿನ ಜಾಗ ಹೊಸ ದೇಶಕ್ಕೆ ಬಂತು. ಜಾಗ ಬೇಕಾದಷ್ಟು, ಕೈಯಲ್ಲಿ ಕಾಸಿಲ್ಲ. ಯುದ್ಧದ ಸಾಲ ತಲೆ ಮೇಲಿದೆ, ಸೈನಿಕರಿಗೆ ಸಂಬಳ ಬಾಕಿ, ಆಗಿನ ಕಾಂಗ್ರೆಸ್ಸಿಗೆ (ಅಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಲಿಮೆಂಟು, ಪಾರ್ಟಿ ಅಲ್ಲ) ಜನರ ಮೇಲೆ ಟ್ಯಾಕ್ಸ್ ಹಾಕೋ ಅಧಿಕಾರನೇ ಇರ್ಲಿಲ್ಲ. ಉಳಿದಿದ್ದು ಒಂದೇ ದಾರಿ, ಜಾಗ ಮಾರೋದು. ಮಾರ್ಬೇಕು ಅಂದ್ರೆ ಅಳೀಬೇಕು. ಆ ದೊಡ್ಡ ಮರದಿಂದ ಈ ಬಂಡೆವರೆಗೆ ಅಂತ ಬರೆದ್ರೆ ಮರ ಬಿದ್ದ ದಿನ ಕೋರ್ಟ್ ಕೇಸು ಶುರು, ದಕ್ಷಿಣದ ವಸಾಹತುಗಳಲ್ಲಿ ಇದನ್ನ ಸಾಕಷ್ಟು ಅನುಭವಿಸಿದ್ರು.

ಹಾಗಾಗಿ 1785ರಲ್ಲಿ ಲ್ಯಾಂಡ್ ಆರ್ಡಿನೆನ್ಸ್ ಬಂತು. ಇಡೀ ಜಾಗವನ್ನ 6 ಮೈಲಿ ಉದ್ದ 6 ಮೈಲಿ ಅಗಲದ ಚೌಕಗಳಾಗಿ ಕತ್ತರಿಸೋದು, ಇದಕ್ಕೆ ಟೌನ್‌ಶಿಪ್ ಅಂತ ಹೆಸರು. ಅದರೊಳಗೆ 1 ಮೈಲಿ ಚೌಕದ 36 ಸೆಕ್ಷನ್. ಒಂದು ಸೆಕ್ಷನ್ ಅಂದ್ರೆ 640 ಎಕರೆ. ಪ್ರತಿ ಟೌನ್‌ಶಿಪ್ಪಲ್ಲಿ 16ನೇ ನಂಬರಿನ ಸೆಕ್ಷನ್ ಸ್ಕೂಲಿಗೆ ಮೀಸಲು. ನಮ್ಮ ಲೇಔಟಲ್ಲಿ ಸಾರ್ವಜನಿಕ ಉಪಯೋಗಕ್ಕೆ ಅಂತ ಸಿಎ ಸೈಟ್ ಬಿಡ್ತಾರಲ್ಲ ಹಾಗೆ.

ಅಳೆದಿದ್ದು ಚೈನಿನಲ್ಲಿ. ಎಡ್ಮಂಡ್ ಗುಂಟರ್ ಅನ್ನೋ ಇಂಗ್ಲಿಷ್ ಗಣಿತಜ್ಞ 1620ರಲ್ಲಿ ಮಾಡಿದ ಸರಪಳಿ, 100 ಕೊಂಡಿ, 66 ಅಡಿ ಉದ್ದ. 66 ಅಡಿ ಎಷ್ಟು ಅಂತ ಅಂದಾಜಾಗ್ಲಿಲ್ವಾ, ಕ್ರಿಕೆಟ್ ಪಿಚ್ಚಲ್ಲಿ ಈ ಕಡೆ ಸ್ಟಂಪಿಂದ ಆ ಕಡೆ ಸ್ಟಂಪಿಗೆ 22 ಗಜ, ಅದೇ ಒಂದು ಚೈನು. ಎಂಬತ್ತು ಪಿಚ್ ಸಾಲಾಗಿಟ್ರೆ ಒಂದು ಮೈಲಿ. ಈ ಲೆಕ್ಕ ನಮ್ಮ ಮನೆಯೊಳಗೂ ಇದೆ, ಎಷ್ಟೋ ಜನ ಗಮನಿಸಿರಲ್ಲ. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ, ಅಂದ್ರೆ ಅರ್ಧ ಚೈನ್ ಉದ್ದ ಅರ್ಧ ಚೈನ್ ಅಗಲ, 1089 ಚದರಡಿ. ಅಂಥ 40 ಸೇರಿದ್ರೆ ಎಕರೆ. ಪಹಣಿಯಲ್ಲಿರೋ ಎಕರೆ ಗುಂಟೆ, ಒಹಾಯೋದ ರೈತನ 640 ಎಕರೆ, ಎರಡೂ ಒಂದೇ ಸರಪಳಿಯ ಲೆಕ್ಕದವು.

1785ರ ಸೆಪ್ಟೆಂಬರ್ 30ಕ್ಕೆ ಥಾಮಸ್ ಹಚಿನ್ಸ್ ಅನ್ನೋರು ಒಹಾಯೋ ನದಿ ದಡದಲ್ಲಿ, ಈಗಿನ ಈಸ್ಟ್ ಲಿವರ್‌ಪೂಲ್ ಊರಿನ ಹತ್ರ, ಪಶ್ಚಿಮಕ್ಕೆ ಮುಖ ಮಾಡಿ ಮೊದಲ ಚೈನ್ ಎಳೆಸಿದ್ರು. ಕೆಲವೇ ಮೈಲಿ ಹೋದ್ಮೇಲೆ ಮೂಲನಿವಾಸಿಗಳು ದಾಳಿ ಮಾಡ್ತಾರೆ ಅನ್ನೋ ಸುದ್ದಿ ಬಂದು ಆ ವರ್ಷ ವಾಪಸ್ಸಾದ್ರು. ಮಾರಾಟದ ರೇಟು ಎಕರೆಗೆ ಕನಿಷ್ಠ 1 ಡಾಲರ್, ಆದ್ರೆ ಕೊಂಡ್ರೆ ಪೂರ್ತಿ 640 ಎಕರೆ ಕೊಳ್ಬೇಕು. ಸಾಮಾನ್ಯ ರೈತ ಆ ಕಾಲಕ್ಕೆ 640 ಡಾಲರ್ ಎಲ್ಲಿಂದ ತರ್ತಾನೆ? ಕೊಂಡಿದ್ದು ದುಡ್ಡಿರೋ ಕಂಪನಿಗಳು, ಸೈಟ್ ಬಿಸಿನೆಸ್‌ನೋರು. ಆಮೇಲೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ 1832ಕ್ಕೆ 40 ಎಕರೆ ಕೊಂಡ್ರೂ ಸಾಕು ಅಂತ ಆಯ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಂತೂ ಸೆಕ್ಷನ್ನಿನ ಕಾಲು ಭಾಗ, 160 ಎಕರೆ, ಬರೀ ಅರ್ಜಿ ಫೀಸಿಗೆ, ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿದ್ರೆ ನಿಮ್ಮದೇ.

ಈ ಪದ್ಧತಿ ಒಟ್ಟು 30 ರಾಜ್ಯಗಳಿಗೆ ಹಬ್ಬಿತು. ನೀವು ಯಾವತ್ತಾದ್ರೂ ಕ್ಯಾನ್ಸಸ್, ನೆಬ್ರಾಸ್ಕಾ ಮೇಲೆ ಹಗಲು ಹೊತ್ತು ವಿಮಾನದಲ್ಲಿ ಹೋದ್ರೆ ಕಿಟಕಿಯಿಂದ ಕೆಳಗೆ ನೋಡಿ. ಮೈಲಿಗೊಂದು ರೋಡು, ಚೌಕಾಬಾರ ಮನೆ ಥರ ಹೊಲ, ಕೆಲವು ಚೌಕದೊಳಗೆ ಸರಿಯಾಗಿ ತಟ್ಟೆ ಇಟ್ಟಂಗೆ ಹಸಿರು ವೃತ್ತ. ಆ ವೃತ್ತ ಏನು ಅಂದ್ರೆ ಮಧ್ಯದಲ್ಲಿ ಬೋರ್‌ವೆಲ್, ಅದಕ್ಕೆ ಸಿಕ್ಕಿಸಿದ ಉದ್ದ ಪೈಪು ಚಕ್ರದ ಮೇಲೆ ಗಡಿಯಾರದ ಮುಳ್ಳಿನ ಥರ ಸುತ್ತುತ್ತಾ ನೀರು ಚಿಮ್ಮಿಸುತ್ತೆ. 160 ಎಕರೆ ಚೌಕದಲ್ಲಿ ಸುಮಾರು 125 ಎಕರೆಗೆ ನೀರು ಸಿಗುತ್ತೆ, ನಾಲ್ಕು ಮೂಲೆ ಒಣಗಿರುತ್ತೆ.

ದೇಶ ಬೆಳೆದಿದ್ದು ಹೇಗೆ

ಇದನ್ನ ಬೇಗ ಮುಗಿಸ್ತೀನಿ. 1803ರಲ್ಲಿ ಫ್ರಾನ್ಸಿನ ನೆಪೋಲಿಯನ್ ಮಿಸ್ಸಿಸ್ಸಿಪ್ಪಿ ಆಚೆಯ ಲೂಸಿಯಾನಾ ಪ್ರಾಂತ್ಯವನ್ನ 1.5 ಕೋಟಿ ಡಾಲರಿಗೆ ಮಾರಿದ, ಎಕರೆಗೆ ಸುಮಾರು 3 ಸೆಂಟು, ಒಟ್ಟು ಹನ್ನೊಂದು ಕರ್ನಾಟಕದಷ್ಟು ಜಾಗ. 1819ರಲ್ಲಿ ಸ್ಪೇನಿನಿಂದ ಫ್ಲಾರಿಡಾ. 1845ರಲ್ಲಿ ಟೆಕ್ಸಸ್ ಸೇರ್ಕೊಂತು. 1846ರಲ್ಲಿ ಬ್ರಿಟನ್ ಜೊತೆ ಒಪ್ಪಂದ ಆಗಿ ಒರೆಗಾನ್ ಕಡೆಯ ಜಾಗ. 1848ರಲ್ಲಿ ಮೆಕ್ಸಿಕೋ ಮೇಲೆ ಯುದ್ಧ ಗೆದ್ದು ಕ್ಯಾಲಿಫೋರ್ನಿಯಾ ಸೇರಿದಂತೆ ದೊಡ್ಡ ತುಂಡು, 1867ರಲ್ಲಿ ರಷ್ಯಾದಿಂದ ಅಲಾಸ್ಕಾ 72 ಲಕ್ಷ ಡಾಲರಿಗೆ. ಹವಾಯಿ 1898ರಲ್ಲಿ ಬಂತು, ಐವತ್ತು ರಾಜ್ಯಗಳಲ್ಲಿ ಒಂದೂ ನೇರ ಗೆರೆ ಇಲ್ಲದ ಗಡಿ ಇರೋದು ಅದಕ್ಕೊಂದಕ್ಕೆ, ಸುತ್ತ ಸಮುದ್ರ ಇದ್ರೆ ಸ್ಕೇಲ್ ಎಲ್ಲಿಡೋದು.

ಈ ಒಪ್ಪಂದಗಳಲ್ಲೂ ಗೆರೆಗಳೇ. ಕೆನಡಾ ಜೊತೆಗಿನ ಗಡಿ 49ನೇ ಅಕ್ಷಾಂಶ ಅಂತ 1818ರಲ್ಲಿ ರಾಕಿ ಬೆಟ್ಟದವರೆಗೆ, 1846ರಲ್ಲಿ ಸಮುದ್ರದವರೆಗೆ. ಸ್ಪೇನ್ ಜೊತೆ 42ನೇ ಅಕ್ಷಾಂಶ, ಅದೇ ಇವತ್ತು ಕ್ಯಾಲಿಫೋರ್ನಿಯಾದ ತಲೆ ಮೇಲಿನ ಗಡಿ. ಯಾರೂ ಹೋಗಿ ನೋಡದ ಜಾಗವನ್ನ ಹಂಚ್ಕೊಳ್ಬೇಕು ಅಂದ್ರೆ ನಂಬರ್ ಬಿಟ್ರೆ ಬೇರೆ ಏನು ಹಿಡ್ಕೊಳ್ತೀರಿ.

ಮೂರು ಡಿಗ್ರಿ, ನಾಲ್ಕು ಡಿಗ್ರಿ, ಏಳು ಡಿಗ್ರಿ

ಈಗ ಬಿಸ್ಕೆಟ್ ತುಂಡುಗಳಿಗೆ ಬರೋಣ. ಮ್ಯಾಪಲ್ಲಿ ಮಧ್ಯದ ಸಾಲು ನೋಡಿ, ಕೆಳಗಿಂದ ಮೇಲಕ್ಕೆ ಕ್ಯಾನ್ಸಸ್, ನೆಬ್ರಾಸ್ಕಾ, ಸೌತ್ ಡಕೋಟಾ, ನಾರ್ತ್ ಡಕೋಟಾ. ನಾಲ್ಕರ ಎತ್ತರವೂ ಹೆಚ್ಚುಕಮ್ಮಿ 3 ಡಿಗ್ರಿ, 37ರಿಂದ 40, 40ರಿಂದ 43, 43ರಿಂದ ಸುಮಾರು 46, ಅಲ್ಲಿಂದ 49. ಅದರ ಎಡಗಡೆ ಸಾಲು ಕೊಲರಾಡೋ, ವಯೋಮಿಂಗ್, ಮೊಂಟಾನಾ. ಇವು 4 ಡಿಗ್ರಿ ಎತ್ತರ, 37ರಿಂದ 41, 41ರಿಂದ 45, 45ರಿಂದ 49, ಮೊಂಟಾನಾದ ಎಡಗಡೆ ತುದಿ ಬೆಟ್ಟದ ಸಾಲು ಹಿಡ್ಕೊಂಡು ಸೊಟ್ಟ ಆಗಿದೆ ಅಷ್ಟೇ. ಅಗಲ ನೋಡಿದ್ರೆ ವಾಷಿಂಗ್ಟನ್, ಒರೆಗಾನ್, ಕೊಲರಾಡೋ, ವಯೋಮಿಂಗ್, ಎರಡೂ ಡಕೋಟಾ, ಎಲ್ಲಾ ಸುಮಾರು 7 ಡಿಗ್ರಿ.

ಇದು ಕಾಕತಾಳೀಯ ಅಲ್ಲ. ಹೊಸ ರಾಜ್ಯಗಳು ಹಳೇ ರಾಜ್ಯಗಳಿಗೆ ಸಮಾನ ಆಗಿರ್ಬೇಕು ಅನ್ನೋದು ಶುರುವಿಂದ ಇದ್ದ ನಿಯಮ, 1787ರ ಕಾನೂನಲ್ಲೇ 60,000 ಸ್ವತಂತ್ರ ಜನ ಸೇರಿದ್ರೆ ರಾಜ್ಯ ಆಗ್ಬಹುದು ಅಂತಿತ್ತು. ಸಮಾನ ಅಂದ್ಮೇಲೆ ಸೈಜೂ ಒಂದೇ ಥರ ಇರ್ಲಿ ಅಂತ ಸೈಟ್ ಕತ್ತರಿಸಿದಂಗೆ ಕತ್ತರಿಸಿದ್ರು. ಇದಕ್ಕೂ ಮುಂಚೆ 1784ರಲ್ಲಿ, ಮುಂದೆ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಮಾಡಿದ್ದ ಪ್ಲಾನಲ್ಲೂ ನೇರ ಗೆರೆಗಳೇ, ಜೊತೆಗೆ ಮೆಟ್ರೊಪೊಟೇಮಿಯಾ, ಪಾಲಿಪೊಟೇಮಿಯಾ, ಅಸೆನಿಸಿಪಿಯಾ ಅಂತ ಹೆಸರುಗಳು ಬೇರೆ. ಪುಣ್ಯಕ್ಕೆ ಆ ಹೆಸರುಗಳು ಉಳೀಲಿಲ್ಲ, ಇಲ್ದಿದ್ರೆ ನಮ್ಮ ಕೆಎಎಸ್ ಓದೋ ಹುಡುಗರ ಗತಿ ಏನು.

ಹಾಗಾದ್ರೆ ಟೆಕ್ಸಸ್, ಕ್ಯಾಲಿಫೋರ್ನಿಯಾ ಯಾಕೆ ಅಷ್ಟು ದೊಡ್ಡದು? ಅವೆರಡೂ ಕೈಯಲ್ಲಿ ಚೌಕಾಸಿ ಶಕ್ತಿ ಇಟ್ಕೊಂಡು ಬಂದಿದ್ದು. ಟೆಕ್ಸಸ್ ಸ್ವತಂತ್ರ ದೇಶವಾಗಿದ್ದು ಬಂತು, ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಜನ ನುಗ್ಗಿದ್ರು, 1849ರಲ್ಲಿ ಅವರೇ ಮಾಂಟೆರೇಯಲ್ಲಿ ಕೂತು ಗಡಿ ಬರ್ಕೊಂಡು 1850ಕ್ಕೆ ರಾಜ್ಯ ಆದ್ರು.

ಕೊಲರಾಡೋದ ಗಡಿಯಲ್ಲಿ ಇನ್ನೊಂದು ತಮಾಷೆ ಇದೆ. ಅದರ ಎಡಬಲದ ಗಡಿ ರೇಖಾಂಶ 102, 109 ಅಂತ ರೌಂಡ್ ಆಗಿಲ್ಲ, ಸ್ವಲ್ಪ ಬಾಲ ಇದೆ. ಯಾಕಂದ್ರೆ ಆಗ ಅವ್ರು ರೇಖಾಂಶ ಎಣಿಸ್ತಿದ್ದಿದ್ದು ಲಂಡನ್ನಿನ ಗ್ರೀನಿಚ್‌ನಿಂದ ಅಲ್ಲ, ತಮ್ಮ ರಾಜಧಾನಿ ವಾಷಿಂಗ್ಟನ್ ಊರಿಂದ (ಆಗ್ಲೇ ಹೇಳಿದ ವಾಷಿಂಗ್ಟನ್ ರಾಜ್ಯ ಬೇರೆ). ವಾಷಿಂಗ್ಟನ್ನಿಂದ ಪಶ್ಚಿಮಕ್ಕೆ 25ರಿಂದ 32 ಡಿಗ್ರಿ ಅಂತ ಕಾನೂನಲ್ಲಿ ಬರೆದ್ರು. ಅಂದಹಾಗೆ ವಾಷಿಂಗ್ಟನ್ ಇರೋದು ಗ್ರೀನಿಚ್ಚಿಂದ ಪಶ್ಚಿಮಕ್ಕೆ 77 ಡಿಗ್ರಿ, ಬೆಂಗಳೂರು ಪೂರ್ವಕ್ಕೆ 77 ಚಿಲ್ಲರೆ, ಅಲ್ಲಿರೋ ಮಗಳಿಗೆ ಫೋನ್ ಮಾಡೋವಾಗ ಹೆಚ್ಚುಕಮ್ಮಿ ಹತ್ತು ಗಂಟೆ ಲೆಕ್ಕ ಹಾಕೋದು ಇದಕ್ಕೇ.

ಯಾರಿಗೂ ಬೇಡದ ಪಟ್ಟಿ

ಗೆರೆ ಎಲ್ಲಿ ಬೀಳ್ಬೇಕು ಅನ್ನೋದನ್ನ ತುಂಬಾ ಸಲ ನಿರ್ಧಾರ ಮಾಡಿದ್ದು ಗುಲಾಮಗಿರಿ. ಅಲ್ಲಿನ ಸೆನೆಟ್ಟಲ್ಲಿ, ಅಂದ್ರೆ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ, ರಾಜ್ಯ ಎಷ್ಟೇ ಚಿಕ್ಕದಿರ್ಲಿ ಎರಡು ಸೀಟು. ಇವತ್ತು ವಯೋಮಿಂಗ್ ಜಾಗದಲ್ಲಿ ಕರ್ನಾಟಕಕ್ಕಿಂತ ದೊಡ್ಡದು, ಜನ ಮೈಸೂರು ಸಿಟಿಗಿಂತ ಕಮ್ಮಿ, 6 ಲಕ್ಷನೂ ಇಲ್ಲ, ಅದಕ್ಕೂ ಎರಡು, ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಎರಡು. ಹಾಗಾಗಿ ಒಂದು ಹೊಸ ರಾಜ್ಯ ಅಂದ್ರೆ ಗುಲಾಮಗಿರಿ ಪರವೋ ವಿರುದ್ಧವೋ ಎರಡು ವೋಟು. 1820ರಲ್ಲಿ ಒಂದು ರಾಜಿ ಆಯ್ತು, ಮಿಸ್ಸೂರಿ ಗುಲಾಮಗಿರಿ ಇರೋ ರಾಜ್ಯ, ಅದಕ್ಕೆ ತೂಕಕ್ಕೆ ಮ್ಯಾಸಚೂಸೆಟ್ಸ್‌ನಿಂದ ಮೇನ್ ಬೇರೆ ಮಾಡಿ ಗುಲಾಮಗಿರಿ ಇಲ್ಲದ ರಾಜ್ಯ. ಲೂಸಿಯಾನಾ ಜಾಗದಲ್ಲಿ ಇನ್ನು ಮುಂದೆ ಅಕ್ಷಾಂಶ 36 ಡಿಗ್ರಿ 30 ಮಿನಿಟ್, ಅಂದ್ರೆ ಮೂವತ್ತಾರೂವರೆಗಿಂತ ಮೇಲೆ ಮಿಸ್ಸೂರಿ ಬಿಟ್ರೆ ಎಲ್ಲೂ ಗುಲಾಮಗಿರಿ ಇಲ್ಲ.

ಟೆಕ್ಸಸ್ಸಲ್ಲಿ ಗುಲಾಮಗಿರಿ ಇತ್ತು, ಅದರ ಜಾಗ ಈ ಗೆರೆ ದಾಟಿ ಮೇಲಕ್ಕೂ ಹೋಗಿತ್ತು. 1850ರಲ್ಲಿ 1 ಕೋಟಿ ಡಾಲರ್ ತಗೊಂಡು ಮೇಲಿನ ಜಾಗ ಬಿಟ್ಟುಕೊಡ್ತು, ತನ್ನ ತಲೆಯನ್ನ ಸರಿಯಾಗಿ ಮೂವತ್ತಾರೂವರೆಗೆ ಕತ್ತರಿಸ್ಕೊಂತು. ನಾಲ್ಕು ವರ್ಷ ಆದ್ಮೇಲೆ ಕ್ಯಾನ್ಸಸ್ ಮಾಡೋವಾಗ ಅದರ ಕೆಳಗಿನ ಗಡಿಯನ್ನ 37ಕ್ಕೆ ಇಟ್ರು, ಕೆಳಗೆ ಚೆರೋಕೀ ಅನ್ನೋ ಮೂಲನಿವಾಸಿ ಜನಾಂಗಕ್ಕೆ ಕೊಟ್ಟಿದ್ದ ಜಾಗ ಇತ್ತು ಅಂತ. ಲೆಕ್ಕ ಹಾಕಿ, ಮೂವತ್ತಾರೂವರೆಗೂ 37ಕ್ಕೂ ಮಧ್ಯ ಅರ್ಧ ಡಿಗ್ರಿ, ಸುಮಾರು 34 ಮೈಲಿ ಅಗಲ, 166 ಮೈಲಿ ಉದ್ದದ ಪಟ್ಟಿ ಯಾವ ರಾಜ್ಯಕ್ಕೂ ಸೇರದೆ ಉಳಿದುಬಿಡ್ತು. ನೋ ಮ್ಯಾನ್ಸ್ ಲ್ಯಾಂಡ್ ಅಂತಲೇ ಕರೀತಿದ್ರು. ಅಲ್ಲಿ ಪೊಲೀಸಿಲ್ಲ, ಕೋರ್ಟಿಲ್ಲ, ಮನೆ ಕಟ್ಕೊಂಡ್ರೆ ರಿಜಿಸ್ಟ್ರೇಷನ್ ಇಲ್ಲ. ನಲವತ್ತು ವರ್ಷ ಹಾಗೇ ಇದ್ದು 1890ರಲ್ಲಿ ಒಕ್ಲಹೋಮಾಗೆ ಅಂಟಿಸಿದ್ರು. ಪಜಲ್ಲಲ್ಲಿ ಒಕ್ಲಹೋಮಾ ತುಂಡು ಹಿಡಿಕೆ ಇರೋ ಬಾಣಲೆ ಥರ ಇದ್ಯಲ್ಲ, ಆ ಹಿಡಿಕೆನೇ ಇದು.

ಲೇಔಟ್ ಪ್ಲಾನಲ್ಲಿ ಕಾಣದವರು

ಆ ಜಾಗಗಳಲ್ಲಿ ಜನ ಇದ್ರು, ಸಾವಿರಾರು ವರ್ಷದಿಂದ. 1830ರ ಕಾಯ್ದೆ ಪ್ರಕಾರ ಪೂರ್ವದಲ್ಲಿದ್ದ ಚೆರೋಕೀ, ಚಾಕ್ಟಾ ಮುಂತಾದ ಜನಾಂಗಗಳನ್ನ ಮಿಸ್ಸಿಸ್ಸಿಪ್ಪಿ ಆಚೆ ಓಡಿಸಿದ್ರು. 1838ರಲ್ಲಿ ಚೆರೋಕೀಗಳು ಹೊರಟ ದಾರಿಯಲ್ಲಿ ಸಾವಿರಾರು ಜನ ಚಳಿ, ಕಾಯಿಲೆ, ಹಸಿವಿಗೆ ಸತ್ರು, ಕಣ್ಣೀರ ಹಾದಿ ಅಂತಲೇ ಅದಕ್ಕೆ ಹೆಸರು. ಆಮೇಲೆ 1887ರಲ್ಲಿ ಡಾಸ್ ಕಾಯ್ದೆ ಬಂತು, ಜನಾಂಗದ ಒಟ್ಟು ಜಾಗವನ್ನ ಕುಟುಂಬಕ್ಕೆ 160 ಎಕರೆ ಅಂತ ಅದೇ ಚೌಕದ ಲೆಕ್ಕದಲ್ಲಿ ಹಂಚಿ, ಮಿಕ್ಕಿದ್ದನ್ನ ಹೊರಗಿನವರಿಗೆ ತೆರೆದ್ರು. ಮೂಲನಿವಾಸಿಗಳ ಕೈಯಲ್ಲಿದ್ದ 13.8 ಕೋಟಿ ಎಕರೆ 1934ಕ್ಕೆ 4.8 ಕೋಟಿಗೆ ಇಳೀತು.

ನವಾಹೋ ಜನರನ್ನ ನೋಡಿ. ಅವರ ನಾಡಿಗೆ ನಾಲ್ಕು ದಿಕ್ಕಲ್ಲಿ ನಾಲ್ಕು ಪವಿತ್ರ ಬೆಟ್ಟಗಳು ಗಡಿ, ಪಕ್ಕಾ ಚಕ್ಕುಬಂದಿ. 1864ರಲ್ಲಿ ಸೈನ್ಯ ಅವರನ್ನ ಅಲ್ಲಿಂದ ನಡೆಸ್ಕೊಂಡು ದೂರ ಕರ್ಕೊಂಡೋಯ್ತು, 1868ರ ಒಪ್ಪಂದದಲ್ಲಿ ತಮ್ಮ ನಾಡಿನ ಒಂದು ಭಾಗಕ್ಕೆ ವಾಪಸ್ ಬಂದ್ರು. ಇವತ್ತು ನವಾಹೋ ನೇಷನ್ ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಮೂರು ರಾಜ್ಯಗಳಲ್ಲಿ ಹರಡಿದೆ, ರಾಜ್ಯಗಳ ನೇರ ಗೆರೆ ಅದರ ಮಧ್ಯೆ ಹಾದು ಹೋಗುತ್ತೆ.

ಗೆರೆ ತಪ್ಪಿದಾಗ

ಆ ಗೆರೆಗಳು ಕೂಡೋ ಜಾಗದಲ್ಲೇ ಫೋರ್ ಕಾರ್ನರ್ಸ್ ಇದೆ. ನಾಲ್ಕು ರಾಜ್ಯ ಒಂದೇ ಬಿಂದುವಲ್ಲಿ ಸೇರೋದು ಇಡೀ ದೇಶದಲ್ಲಿ ಇಲ್ಲೊಂದೇ, ಆ ಮೂರರ ಜೊತೆ ಕೊಲರಾಡೋ. ಟೂರಿಸ್ಟುಗಳು ಎರಡು ಕೈ ಎರಡು ಕಾಲು ಒಂದೊಂದು ರಾಜ್ಯದಲ್ಲಿಟ್ಟು ಫೋಟೋ ತೆಗೆಸ್ಕೊಳ್ತಾರೆ, ಟಿಕೆಟ್ ವಸೂಲಿ ನವಾಹೋ ನೇಷನ್‌ನವರದ್ದೇ. ಮಜಾ ಏನಂದ್ರೆ 1875ರಲ್ಲಿ ಆ ಗುರುತು ಹಾಕಿದಾಗ ಲೆಕ್ಕದ ಪ್ರಕಾರ ಇರ್ಬೇಕಾದ ಜಾಗಕ್ಕಿಂತ ಸುಮಾರು 1800 ಅಡಿ ಪೂರ್ವಕ್ಕೆ ಬಿತ್ತು. ಆಗಿನ ಕಾಲಕ್ಕೆ, ಬೆಟ್ಟ ಮರುಭೂಮಿ ಮಧ್ಯೆ ನಕ್ಷತ್ರ ನೋಡಿ ಅಳೆದವರಿಗೆ ಅದು ದೊಡ್ಡ ತಪ್ಪೇನಲ್ಲ. 1925ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು, ನೆಲದ ಮೇಲೆ ಹಾಕಿ ಎಲ್ರೂ ಒಪ್ಪಿರೋ ಗೆರೆನೇ ಗಡಿ, ಪುಸ್ತಕದ ಲೆಕ್ಕ ಏನೇ ಇರ್ಲಿ. ನಮ್ಮಲ್ಲೂ ಬದು ಜಗಳದಲ್ಲಿ ಹಿರಿಯರು ಕಲ್ಲು ಎಲ್ಲಿದೆಯೋ ಅಲ್ಲೇ ಇರ್ಲಿ ಬಿಡಿ ಅಂತಾರಲ್ಲ, ಅದೇ ತೀರ್ಪು. ಹೀಗೆ ಸರ್ವೆ ಸಣ್ಣ ಸಣ್ಣ ಕಡೆ ವಾಲಿರೋದ್ರಿಂದ ನಿಜವಾಗ್ಲೂ ಅಳೆದ್ರೆ ಕೊಲರಾಡೋಗೆ ನಾಲ್ಕಲ್ಲ, ನೂರಾರು ಬಾಹುಗಳಿವೆ.

ನದಿ ಗಡಿಯಾದ್ರೆ ಬೇರೆ ತಲೆನೋವು. ಅಯೋವಾ, ನೆಬ್ರಾಸ್ಕಾ ಮಧ್ಯೆ ಮಿಸ್ಸೂರಿ ನದಿ ಗಡಿ. 1877ರಲ್ಲಿ ಪ್ರವಾಹ ಬಂದು ನದಿ ಒಂದು ತಿರುವು ಬಿಟ್ಟು ನೇರ ಹರಿದುಬಿಡ್ತು, ಅಯೋವಾದ ಒಂದು ತುಂಡು ನದಿಯ ಆ ಕಡೆ ಉಳೀತು. 1892ರಲ್ಲಿ ಸುಪ್ರೀಂ ಕೋರ್ಟ್ ಒಂದು ನಿಯಮ ಹೇಳ್ತು, ನದಿ ನಿಧಾನಕ್ಕೆ ಸರಿದ್ರೆ ಗಡಿನೂ ಜೊತೆಗೆ ಸರಿಯುತ್ತೆ, ಒಂದೇ ಸಲ ಹಾರಿದ್ರೆ ಗಡಿ ಹಳೇ ಜಾಗದಲ್ಲೇ. ಹಾಗಾಗಿ ಕಾರ್ಟರ್ ಲೇಕ್ ಅನ್ನೋ ಆ ಊರು ಇವತ್ತಿಗೂ ಅಯೋವಾ. ನೆಬ್ರಾಸ್ಕಾದ ಒಮಾಹಾ ಪೇಟೆಯಿಂದ ಒಮಾಹಾ ಏರ್‌ಪೋರ್ಟಿಗೆ ಹೋಗೋ ದಾರಿಯಲ್ಲಿ ಸ್ವಲ್ಪ ಹೊತ್ತು ಅಯೋವಾ ರಾಜ್ಯ ಬಂದು ಹೋಗುತ್ತೆ.

ಇನ್ನು ಆ 49ನೇ ಅಕ್ಷಾಂಶ. ಪಶ್ಚಿಮದ ತುದಿಯಲ್ಲಿ ಕೆನಡಾದ ಒಂದು ಸಣ್ಣ ಮೂಗು ಸಮುದ್ರಕ್ಕೆ ಚಾಚಿದೆ, ಅದರ ತುದಿ ಗೆರೆ ದಾಟಿ ಕೆಳಗೆ ಬಂದಿದೆ. ಗೆರೆ ಕೆಳಗಿದ್ದಿದ್ದೆಲ್ಲ ಅಮೆರಿಕಾ, ಹಾಗಾಗಿ ಪಾಯಿಂಟ್ ರಾಬರ್ಟ್ಸ್ ಅನ್ನೋ ಆ ತುದಿನೂ ಅಮೆರಿಕಾ. ಅಲ್ಲಿಂದ ರೋಡಲ್ಲಿ ತಮ್ಮದೇ ದೇಶಕ್ಕೆ ಹೋಗ್ಬೇಕು ಅಂದ್ರೆ ಕೆನಡಾ ಒಳಗೆ ಹೋಗಿ ಹೊರಗೆ ಬರ್ಬೇಕು, ಎರಡು ಸಲ ಗಡಿ ಚೆಕಿಂಗ್. ದೊಡ್ಡ ಮಕ್ಕಳು ಸ್ಕೂಲಿಗೆ ಬಸ್ಸಲ್ಲಿ ಹೀಗೇ ಹೋಗೋದು. 2020ರಲ್ಲಿ ಕೋವಿಡ್ ಅಂತ ಗಡಿ ಮುಚ್ಚಿದಾಗ ಆ ಊರು ದ್ವೀಪ ಆಗಿಹೋಗಿತ್ತು.

ನೀರಿಗೆ ಚೌಕ ಇಲ್ಲ

100ನೇ ರೇಖಾಂಶದಿಂದ ಪಶ್ಚಿಮಕ್ಕೆ ಹೋದ್ರೆ ಹೆಚ್ಚಿನ ಕಡೆ ಮಳೆ ವರ್ಷಕ್ಕೆ 20 ಇಂಚಿಗಿಂತ ಕಮ್ಮಿ. ಇದನ್ನ ಜೋರಾಗಿ ಹೇಳಿದ್ದು ಜಾನ್ ವೆಸ್ಲಿ ಪವೆಲ್. ಅಂತರ್ಯುದ್ಧದಲ್ಲಿ ಒಂದು ಕೈ ಕಳ್ಕೊಂಡಿದ್ದ ಮನುಷ್ಯ, 1869ರಲ್ಲಿ ದೋಣಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಇಡೀ ದಾಟಿ ಬಂದಿದ್ದ. 1878ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ, ಒಣ ಭೂಮಿಗೆ 160 ಎಕರೆ ಲೆಕ್ಕ ಒಗ್ಗಲ್ಲ, ನೀರಾವರಿ ಇದ್ರೆ 80 ಎಕರೆ ಸಾಕು, ದನ ಮೇಯಿಸ್ಬೇಕು ಅಂದ್ರೆ 2560 ಎಕರೆ ಬೇಕು ಅಂತ. ಮುಂದೆ ನದಿ ಕೊಳ್ಳಗಳ ಪ್ರಕಾರ ಜಿಲ್ಲೆ ಮಾಡಿ ಅಂತ ಮ್ಯಾಪೂ ಮಾಡ್ಕೊಟ್ಟ. ಆ ಮ್ಯಾಪಲ್ಲಿ ಪಶ್ಚಿಮದ ಭಾಗ ಎಲೆಯ ನರಗಳ ಥರ ಕಾಣುತ್ತೆ, ಒಂದೂ ಚೌಕ ಇಲ್ಲ. ಯಾರೂ ಕೇಳ್ಲಿಲ್ಲ.

ಗೆರೆಗಳು ಹಾಗೇ ಉಳಿದ್ವು, ನದಿ ಅದರ ಪಾಡಿಗೆ ಹರೀತಿತ್ತು, 1922ರಲ್ಲಿ ಕೊಲರಾಡೋ ನದಿ ನೀರನ್ನ ಏಳು ರಾಜ್ಯಗಳ ಮಧ್ಯೆ ಹಂಚೋ ಒಪ್ಪಂದ ಮಾಡ್ಬೇಕಾಯ್ತು. ಅದು ಇವತ್ತಿಗೂ ಮುಗಿಯದ ಜಗಳ. ಕಾವೇರಿ ನೋಡಿರೋ ನಮಗೆ ಇದರ ಬಗ್ಗೆ ಬಿಡಿಸಿ ಹೇಳ್ಬೇಕಿಲ್ಲ.

ಪೀಸ್ ಡಿಫೆಕ್ಟ್ ಅಲ್ಲ

ಕಿತ್ಲೆ ಹಣ್ಣು ನೆನಪಿದ್ಯಾ. ಮೇಲೆ ಹೋದಂಗೆ ರೇಖಾಂಶಗಳು ಹತ್ರ ಬರ್ತಾವೆ, ಹಾಗಾಗಿ ಭೂಮಿ ಮೇಲೆ ಪಕ್ಕಾ ಚೌಕ ಹಾಕೋಕೇ ಆಗಲ್ಲ. ಟೌನ್‌ಶಿಪ್ ಸರ್ವೆಯವ್ರು ಇದಕ್ಕೆ ಸಾಮಾನ್ಯವಾಗಿ 24 ಮೈಲಿಗೊಂದು ಸಲ ಗೆರೆಗಳನ್ನ ಸರಿಪಡಿಸಿ ಮತ್ತೆ ಶುರು ಮಾಡ್ತಿದ್ರು. ಅದಕ್ಕೇ ಕ್ಯಾನ್ಸಸ್ ಕಡೆ ಹಳ್ಳಿ ರೋಡಲ್ಲಿ ಮೈಲಿಗಟ್ಟಲೆ ನೇರ ಹೋಗ್ತಿದ್ದ ದಾರಿ ಬೆಟ್ಟ ಇಲ್ಲ ಹಳ್ಳ ಇಲ್ಲ, ಸುಮ್ನೆ ಪಕ್ಕಕ್ಕೆ ಸರಿದು ಮತ್ತೆ ನೇರ ಆಗುತ್ತೆ.

ಕೊಲರಾಡೋ 7 ಡಿಗ್ರಿ ಅಗಲ, ವಯೋಮಿಂಗೂ 7 ಡಿಗ್ರಿ ಅಗಲ. ಆದ್ರೆ ಕೊಲರಾಡೋದ ಕೆಳಗಿನ ಅಂಚು ಸುಮಾರು 387 ಮೈಲಿ, ಮೇಲಿನ ಅಂಚು ಸುಮಾರು 366. ವಯೋಮಿಂಗ್ ಶುರುವಾಗೋದೇ ಆ ಅಕ್ಷಾಂಶದಿಂದ, ಅದರ ಮೇಲಿನ ಅಂಚು ಇನ್ನೂ ಸಣ್ಣ, ಸುಮಾರು 342. ಎರಡೂ ಮೇಲೆ ಕಿರಿದಾದ ತುಂಡುಗಳು, ವಯೋಮಿಂಗ್ ಒಂದು ಸೈಜ್ ಚಿಕ್ಕದು. ಹುಡುಗ ವಯೋಮಿಂಗನ್ನ ಕೊಲರಾಡೋ ಜಾಗಕ್ಕೆ ಹಾಕಿದ್ದ, ಅದಕ್ಕೇ ಲೂಸು. ಕೊಲರಾಡೋನ ವಯೋಮಿಂಗ್ ಜಾಗಕ್ಕೆ ಒತ್ತಿದ್ದ, ಅದಕ್ಕೇ ಕೂರ್ಲಿಲ್ಲ. ಅದಲು ಬದಲು ಮಾಡಿ, ಅಗಲದ ಅಂಚು ಕೆಳಗೆ ಬರೋ ಹಾಗೆ ತಿರುಗಿಸಿಟ್ಟೆ, ಎರಡೂ ಟಕ್ ಅಂತ ಕೂತ್ವು. ಸ್ಟಿಕ್ಕರ್ ಹೋದ ಜಾಗದಲ್ಲಿ ಹುಡುಗ ಈಗ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಒಂದರ ಮೇಲೆ "ಕೊ", ಇನ್ನೊಂದರ ಮೇಲೆ "ವ" ಅಂತ ಬರ್ದಿದಾನೆ.